ಆ ಗುಂಡಿ ತೋಡಿದ್ದು ಯಾರು?

ಜಗತ್ತಿನ ಅತಿ ಕೆಟ್ಟ ವಿಡಿಯೋ ಗೇಮ್ ಯಾವುದು ಅಂತ ಕೇಳಿ, ಅಟಾರಿ ಕಂಪನಿಯ 2600 ಅನ್ನೋ ಹಳೇ ಗೇಮ್ ಯಂತ್ರಕ್ಕೆ ಬಂದ, ಅದೇ ಹೆಸರಿನ ಸಿನಿಮಾ ಆಧರಿಸಿದ 'ಇ.ಟಿ.' ಅಂತಾರೆ. ಆಡದೇ ಇದ್ದವರೂ ಅಂತಾರೆ. ಮೊನ್ನೆ ಎಮ್ಯುಲೇಟರ್‌ನಲ್ಲಿ (ಹಳೇ ಯಂತ್ರವನ್ನ ಕಂಪ್ಯೂಟರ್‌ನಲ್ಲಿ ಅನುಕರಿಸೋ ಸಾಫ್ಟ್‌ವೇರ್) ಆಡಿಯೇಬಿಟ್ಟೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ಗುಂಡಿಗೆ ಬಿದ್ದೆನೋ ಲೆಕ್ಕವಿಲ್ಲ. ಕತ್ತು ಉದ್ದ ಮಾಡ್ಕೊಂಡು ತೇಲಿ ಮೇಲೆ ಬಂದರೆ, ಒಂಚೂರು ಅಲುಗಾಡಿದ್ದಕ್ಕೇ ಮತ್ತೆ ಅದೇ ಗುಂಡಿ. ಇ.ಟಿ.ಯ ಕಾಲು ಗಟ್ಟಿ ನೆಲದ ಮೇಲಿರುತ್ತೆ, ತಲೆಯ ಒಂದು ಪಿಕ್ಸೆಲ್ ಗುಂಡಿಯ ಚಿತ್ರಕ್ಕೆ ತಾಗುತ್ತೆ, ಅಷ್ಟೇ, ದಬ್! ತಲೆ ಕೆಡುತ್ತೆ, ಒಪ್ಪಿದೆ.

ಆದರೆ ಬೈಗುಳವನ್ನೆಲ್ಲ ಈ ಗೇಮ್ ಮಾಡಿದ ಹೋವರ್ಡ್ ಸ್ಕಾಟ್ ವಾರ್ಶಾ ಒಬ್ಬರ ತಲೆಗೇ ಕಟ್ಟೋದು ನನಗೆ ಸರಿ ಕಾಣಲ್ಲ. 'ಯಾರ್ಸ್ ರಿವೆಂಜ್' ಮಾಡಿ ಸೈ ಅನ್ನಿಸಿಕೊಂಡಿದ್ದ ಪ್ರೋಗ್ರಾಮರ್ ಅವರು. 1982ರ ಜುಲೈ ಕೊನೆಗೆ ಅಟಾರಿಯ ದೊಡ್ಡವರಿಂದ ಅವರಿಗೆ ಫೋನ್ ಬಂತು. ಕ್ರಿಸ್‌ಮಸ್‌ಗೆ ಅಂಗಡೀಲಿರಬೇಕು, ಸೆಪ್ಟೆಂಬರ್ 1ಕ್ಕೆ ಗೇಮ್ ಕೊಡಿ. ಐದೇ ವಾರ! ಬೇರೆ ಗೇಮ್‌ಗಳಿಗೆ ತಿಂಗಳುಗಟ್ಟಲೆ ಹಿಡೀತಿದ್ದ ಕಾಲ ಅದು. ಯಂತ್ರದ ರ್‍ಯಾಮ್ 128 ಬೈಟ್. ಕೆಬಿ ಅಲ್ಲ ಸ್ವಾಮಿ, ಬೈಟ್. ಈ ಪೋಸ್ಟಿನ ಮೊದಲ ವಾಕ್ಯವೂ ಅದರಲ್ಲಿ ಹಿಡಿಸಲ್ಲ. ಹುಮ್ಮಸ್ಸಿನಲ್ಲಿ ಅವರೂ ಹೂಂ ಅಂದುಬಿಟ್ಟರು, ಅದು ಬೇರೆ ಮಾತು. ಸೇಲ್ಸ್‌ನವರು ಕ್ಲೈಂಟ್‌ಗೆ ತಾರೀಖು ಕೊಟ್ಟು ಬಂದಮೇಲೆ "ಎಷ್ಟು ದಿನ ಬೇಕಪ್ಪಾ?" ಅಂತ ಕೇಳಿಸಿಕೊಂಡವರಿಗೆ ಆ ಹೂಂ ಏನಂತ ಗೊತ್ತು.

ಸಿನಿಮಾದ ಹಕ್ಕಿಗೇ ಎರಡು ಕೋಟಿ ಡಾಲರ್‌ಗೂ ಹೆಚ್ಚು ಸುರಿದಿದ್ದರು ಅಂತಾರೆ. ಅದನ್ನ ವಾಪಸ್ ತೆಗೀಬೇಕಲ್ಲ? ಸುಮಾರು 40 ಲಕ್ಷ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸೋ ಗೇಮ್ ಡಬ್ಬಿ) ಮಾಡಿಸಿದರು. ಕೂಸು ಹುಟ್ಟೋ ಮುಂಚೆ ಕುಲಾವಿ. ಮಾರಾಟವಾಗಿದ್ದು 15 ಲಕ್ಷದ ಆಸುಪಾಸು. ಗಮನಿಸಿ, 15 ಲಕ್ಷ! ಬೇರೆ ಯಾವ ಗೇಮ್ ಆಗಿದ್ದರೂ ಸೂಪರ್ ಹಿಟ್ ಅಂತಿದ್ದರು. ಅದೇ ವರ್ಷ 'ಪ್ಯಾಕ್-ಮ್ಯಾನ್' ಕೂಡ ಬೇಕಾದ್ದಕ್ಕಿಂತ ಲಕ್ಷಗಟ್ಟಲೆ ಹೆಚ್ಚು ಮಾಡಿಸಿ ಕೂತಿದ್ದರು. 1983ರಲ್ಲಿ ಅಟಾರಿಗಾದ ನಷ್ಟ ಸುಮಾರು 53 ಕೋಟಿ ಡಾಲರ್. ಒಬ್ಬ ಮನುಷ್ಯನ ಐದು ವಾರದ ಕೆಲಸಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

ಮಿಕ್ಕ ಸರಕನ್ನ ಆ ಸೆಪ್ಟೆಂಬರ್‌ನಲ್ಲಿ ಲಾರಿಗಳಲ್ಲಿ ತಂದು ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಊರಿನ ಕಸದ ಗುಂಡಿಗೆ ಹಾಕಿ ಮೇಲೆ ಕಾಂಕ್ರೀಟ್ ಸುರಿದರು. 2014ರ ಏಪ್ರಿಲ್‌ನಲ್ಲಿ ಅಗೆದಾಗ ಇ.ಟಿ. ಜೊತೆಗೆ ಅಟಾರಿಯ ಬೇರೆ ಎಷ್ಟೋ ಗೇಮ್‌ಗಳೂ ಎದ್ದು ಬಂದವು. ಅದನ್ನ ನೋಡೋಕೆ ವಾರ್ಶಾ ಖುದ್ದಾಗಿ ಬಂದಿದ್ದರು.

ಈಗ ಅವರು ಸಿಲಿಕಾನ್ ವ್ಯಾಲಿಯಲ್ಲಿ ಮನೋಚಿಕಿತ್ಸಕರು. ಹತ್ತಿರ ಬರೋರಲ್ಲಿ ನಮ್ಮಂಥ ಟೆಕ್ಕಿಗಳೂ ಇದ್ದಾರಂತೆ.