ಉರಿಯೂತದ ಹೆಸರು ಹೇಳಿ ಮಾತ್ರೆ ಬಿಡಿಸಬೇಡಿ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ನಮ್ಮ ಚಿಕ್ಕಪ್ಪ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ನಿನ್ನೆ ನೋಡಲು ಹೋದಾಗ ಗೊತ್ತಾಯಿತು. ಯಾಕೆ ಅಂತ ಕೇಳಿದರೆ, "ನೋಡಮ್ಮಾ, ಕೊಲೆಸ್ಟ್ರಾಲ್ ಅನ್ನೋದೆಲ್ಲ ಸುಳ್ಳಂತೆ. ಹಾರ್ಟ್ ಅಟ್ಯಾಕ್‌ಗೆ ಉರಿಯೂತವೇ ನಿಜವಾದ ಕಾರಣವಂತೆ. ವಿಡಿಯೋದಲ್ಲಿ ಹೇಳಿದ್ದಾರೆ" ಅಂದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚಿಕ್ಕಪ್ಪನ ಮೇಲಲ್ಲ, ಅರ್ಧ ಸತ್ಯ ಹೇಳಿ ಅವರ ಮಾತ್ರೆ ಬಿಡಿಸಿದವರ ಮೇಲೆ.

ಅರ್ಧ ಸತ್ಯ ಅಂದೆ, ಯಾಕಂದರೆ ಉರಿಯೂತದ ಮಾತು ನಿಜವೇ. ಉರಿಯೂತ ಅಂದರೆ ಗಾಯಕ್ಕೋ ಸೋಂಕಿಗೋ ದೇಹ ಬಿಳಿ ರಕ್ತಕಣಗಳನ್ನು ಕಳಿಸಿ ತೋರಿಸುವ ಪ್ರತಿಕ್ರಿಯೆ. ನಿಮಗೆಲ್ಲ ಗೊತ್ತಲ್ಲ, ರಕ್ತದ ಸ್ಲೈಡ್ ನೋಡುವುದೇ ನನ್ನ ಕೆಲಸ. ಮೈಕ್ರೋಸ್ಕೋಪಿನಲ್ಲಿ ಮೊನೊಸೈಟ್ ಕಂಡರೆ ತಕ್ಷಣ ಗುರುತು ಸಿಗುತ್ತದೆ. ಬಿಳಿ ರಕ್ತಕಣಗಳಲ್ಲೇ ಅದು ದೊಡ್ಡದು. ಬೂದುನೀಲಿ ಮೈ, ಒಂದು ಕಡೆ ಒಳಕ್ಕೆ ತಗ್ಗಿದ ನ್ಯೂಕ್ಲಿಯಸ್, ಅಲ್ಲಲ್ಲಿ ಸಣ್ಣ ಗುಳ್ಳೆಗಳು. ಇದೇ ಕಣ ರಕ್ತನಾಳದ ಗೋಡೆಯೊಳಗೆ ನುಗ್ಗಿ ಮ್ಯಾಕ್ರೋಫೇಜ್ ಎಂಬ ನುಂಗುಕಣ ಆಗುತ್ತದೆ. ಅಲ್ಲಿ ಸೇರಿಕೊಂಡಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ನುಂಗುತ್ತದೆ. ನುಂಗಿ ನುಂಗಿ ಮೈಯೆಲ್ಲ ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತದೆ. ಹೀಗೆ ಸತ್ತ ಕಣಗಳ, ಕೊಬ್ಬಿನ ರಾಶಿಯ ಮೇಲೆ ಒಂದು ಹೊದಿಕೆ ಬೆಳೆಯುತ್ತದೆ. ಉರಿಯೂತ ಜಾಸ್ತಿಯಾದರೆ ಈ ಕಣಗಳು ಬಿಡುವ ಕಿಣ್ವಗಳೇ ಆ ಹೊದಿಕೆಯನ್ನು ಸವೆಸುತ್ತವೆ. ಹೊದಿಕೆ ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಆಂಜಿಯೋಗ್ರಾಮ್‌ನಲ್ಲಿ ದೊಡ್ಡದಲ್ಲ ಅನ್ನಿಸಿದ ಬ್ಲಾಕ್ ಕೂಡ ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಮುಚ್ಚಿಹೋಗುವುದು ಹೀಗೆ.

ಈಗ ಹೇಳಿ, ಇದರಲ್ಲಿ ಕೊಲೆಸ್ಟ್ರಾಲ್ ಸುಳ್ಳಾಗಿದ್ದು ಎಲ್ಲಿ? ಮೊನೊಸೈಟನ್ನು ಗೋಡೆಯೊಳಗೆ ಕರೆಸುವುದರಲ್ಲಿ ಅದರದ್ದೇ ದೊಡ್ಡ ಕೈವಾಡ. ಎರಡನ್ನೂ ಎದುರಾಳಿ ಪಕ್ಷ ಮಾಡಿ ನಿಲ್ಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅವರು ಎತ್ತುವ ದೊಡ್ಡ ಆಧಾರ ಕ್ಯಾಂಟೋಸ್ ಅಧ್ಯಯನ. 2017ರಲ್ಲಿ ಫಲಿತಾಂಶ ಬಂತು. ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ, ರಕ್ತದಲ್ಲಿ ಸಿಆರ್‌ಪಿ (ಉರಿಯೂತವನ್ನು ತೋರಿಸಿಕೊಡುವ ಪ್ರೋಟೀನ್) ಜಾಸ್ತಿ ಇದ್ದ 10,000ಕ್ಕೂ ಹೆಚ್ಚು ಜನರ ಮೇಲೆ ಕ್ಯಾನಕಿನುಮ್ಯಾಬ್ ಎಂಬ ಇಂಜೆಕ್ಷನ್ ಪರೀಕ್ಷಿಸಿದರು. ಕೊಲೆಸ್ಟ್ರಾಲ್ ಇಳಿಯಲಿಲ್ಲ, ಉರಿಯೂತ ಮಾತ್ರ ಇಳಿಯಿತು. ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾರಣದ ಸಾವು ಇವೆಲ್ಲ ಸೇರಿ 15% ಕಡಿಮೆಯಾದವು. "ನೋಡಿ, ಕೊಲೆಸ್ಟ್ರಾಲ್ ಮುಟ್ಟದೆಯೇ ಆಯಿತಲ್ಲ!" ಎನ್ನುತ್ತಾರೆ. ಆಯಿತು, ಒಪ್ಪಿದೆ. ಆದರೆ ಅದರಲ್ಲಿದ್ದವರಲ್ಲಿ 90%ಕ್ಕಿಂತ ಹೆಚ್ಚು ಜನ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಲೇ ಇದ್ದರು. ಅದನ್ನು ಯಾಕೆ ಹೇಳುವುದಿಲ್ಲ? ಇಂಜೆಕ್ಷನ್ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಿದ್ದರು, ಅದನ್ನು ಯಾಕೆ ನುಂಗಿಕೊಳ್ಳುತ್ತಾರೆ?

ಇನ್ನೊಂದು ವಿಷಯ. ಸ್ಟ್ಯಾಟಿನ್ ಸಿಆರ್‌ಪಿಯನ್ನೂ ಇಳಿಸುತ್ತದೆ. 2008ರ ಜ್ಯುಪಿಟರ್ ಅಧ್ಯಯನದಲ್ಲಿ ಎಲ್‌ಡಿಎಲ್ ಡೆಸಿಲೀಟರಿಗೆ 130 ಮಿಲಿಗ್ರಾಂಗಿಂತ ಕಡಿಮೆ, ಸಿಆರ್‌ಪಿ ಮಾತ್ರ ಲೀಟರಿಗೆ 2 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದ ಸುಮಾರು 18,000 ಜನ ಇದ್ದರು. ರೊಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಪಡೆದವರಲ್ಲಿ ಹೃದಯದ ತೊಂದರೆಗಳು 44% ಕಡಿಮೆಯಾದವು. ಉರಿಯೂತಕ್ಕೆ ಹೆದರಿ ಬಿಟ್ಟ ಮಾತ್ರೆ ಉರಿಯೂತದ ವಿರುದ್ಧವೂ ಕೆಲಸ ಮಾಡುತ್ತಿತ್ತು! ಇದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

"ಹಾಗಾದರೆ ಉರಿಯೂತ ಇಳಿಸುವುದೇನಾದರೂ ನುಂಗಿದರಾಯಿತು" ಅಂತಲೂ ಹೊರಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಉರಿಯೂತ ಇಳಿಸುತ್ತವೆ, ಆದರೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚಿಸುತ್ತವೆ. ಇದೇ ಕಾರಣಕ್ಕೆ ರೊಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು 2004ರಲ್ಲಿ ಮಾರುಕಟ್ಟೆಯಿಂದಲೇ ತೆಗೆದರು. ಇನ್ನು ಉರಿಯೂತ ತರುವ ಈ ಬಿಳಿ ಕಣಗಳೇನು ಬರೀ ಶತ್ರುಗಳಲ್ಲ. ಅಟ್ಯಾಕ್ ಆದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಬಂದು ಸತ್ತ ಸ್ನಾಯುವನ್ನು ತೆರವು ಮಾಡುತ್ತವೆ. ಹಿಂದೆಯೇ ಮೊನೊಸೈಟ್‌ಗಳು ಬಂದು ಗಾಯ ಕೂಡಲು ನೆರವಾಗುತ್ತವೆ. ಗಾಯ ಸರಿಯಾಗಿ ಕೂಡದಿದ್ದರೆ ಹೃದಯದ ಗೋಡೆಯೇ ಬಿರಿಯಬಹುದು.

ಗೌಟ್ ಎಂಬ ಕೀಲುನೋವಿಗೆ ಕೊಡುತ್ತಿದ್ದ ಕೊಲ್ಚಿಸಿನ್ ಮಾತ್ರೆ ಈಗ ಹೃದಯಕ್ಕೂ ಬಂದಿದೆ. 2019, 2020ರ ಅಧ್ಯಯನಗಳಲ್ಲಿ ಲಾಭ ಕಂಡಿತು. 2024ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಅಟ್ಯಾಕ್ ಆದ ಕೂಡಲೇ ಶುರು ಮಾಡಿದವರಿಗೆ ಲಾಭ ಕಾಣಲಿಲ್ಲ. ಯಾರಿಗೆ, ಯಾವಾಗ ಅನ್ನುವುದನ್ನು ಡಾಕ್ಟರ್ ನಿರ್ಧರಿಸಲಿ.

ನಿಜವಾಗಿಯೂ ಉರಿಯೂತದ ಬಗ್ಗೆ ಕಾಳಜಿ ಇದ್ದರೆ ಮೊದಲು ಸಿಗರೇಟ್ ಬಿಡಿ. ಸೇದುವವರ ಬಿಳಿ ಕಣಗಳ ಲೆಕ್ಕ ಜಾಸ್ತಿ ಇರುತ್ತದೆ, ಬಿಟ್ಟರೆ ಇಳಿಯುತ್ತದೆ. ಡಾಕ್ಟರ್ ಹತ್ತಿರ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಪರೀಕ್ಷೆ ಬೇಕಾ ಅಂತ ಕೇಳಿ. ಜ್ವರ, ನೆಗಡಿ ಇದ್ದಾಗ ಮಾತ್ರ ಮಾಡಿಸಬೇಡಿ, ಆಗ ಅದು ಸುಮ್ನೆ ಏರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3ಕ್ಕಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು. 10 ದಾಟಿದರೆ ಹೃದಯಕ್ಕಿಂತ ಮೊದಲು ಎಲ್ಲಾದರೂ ಸೋಂಕು ಇದೆಯಾ ನೋಡಿಸಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸಿ.