ಸೂರತ್‌ನಲ್ಲಿ ಮೊದಲ ದಿನ ನಾನು ಒಂದು ಸೀರೆಯನ್ನೂ ಕೊಳ್ಳಲಿಲ್ಲ

ಮನೆಯಲ್ಲೇ ಸೀರೆ ಮಾರುವ ಗೆಳತಿಯರು ಈಚೆಗೆ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸೂರತ್‌ಗೆ ಒಬ್ಬಳೇ ಹೋಗಿ ಬಂದೆಯಂತೆ, ನಾವೂ ಹೋಗಬಹುದಾ?" ಹೋಗಬಹುದು. ಖಂಡಿತ ಹೋಗಿ. ಆದರೆ ಮೊದಲ ದಿನ ದುಡ್ಡು ಬಿಚ್ಚಬೇಡಿ. ಯಾರು ಎಷ್ಟೇ ಒಳ್ಳೆಯ ರೇಟ್ ಹೇಳಲಿ, ಆ ದಿನ ಬರೀ ನೋಡಿ, ಮುಟ್ಟಿ, ಕೇಳಿ, ಬರೆದುಕೊಳ್ಳಿ. ಯಾಕೆ ಅಂತ ಗೊತ್ತಾಗಬೇಕಾದರೆ ನನ್ನ ಆ ಒಂದು ದಿನದ ಬಗ್ಗೆ ಹೇಳಬೇಕು.

ಆರು ವರ್ಷದಿಂದ ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ವ್ಯಾಪಾರ. ಮಾಲು ತರುತ್ತಿದ್ದುದು ಬೆಂಗಳೂರಿನ ಚಿಕ್ಕಪೇಟೆಯಿಂದ. ನಾನು ತರುತ್ತಿದ್ದ ಸಿಂಥೆಟಿಕ್ ಸೀರೆಯ ಕಟ್ಟು ಬಿಚ್ಚಿದರೆ ಒಳಗೆ ಸೂರತ್‌ನ ಚೀಟಿ ಇರುತ್ತಿತ್ತು. ನಡುವಿನ ಒಂದು ಕೈ ತಪ್ಪಿದರೆ ನನಗೂ ನಾಲ್ಕು ಕಾಸು ಉಳಿಯುತ್ತದೆ, ಗಿರಾಕಿಗೂ ಕಡಿಮೆಗೆ ಕೊಡಬಹುದು ಅನ್ನೋ ಲೆಕ್ಕ ನನ್ನದು. ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು, "ಪ್ಲೇಗ್ ಬಂದಿತ್ತಲ್ಲ, ಅದೇ ಊರಾ?" ಅದು 1994ರ ಮಾತು. ಅದೇ ಊರು 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನದಲ್ಲಿತ್ತು ಅಂತ ಫೋನ್‌ನಲ್ಲಿ ತೋರಿಸಿದೆ. ಅವರ ಮುಖ ಸಡಿಲಾಗಲಿಲ್ಲ. ಆದರೂ ಸರಿರಾತ್ರಿ ಸ್ಟೇಷನ್‌ಗೆ ಬಂದು ಮೈಸೂರು-ಅಜ್ಮೀರ್ ರೈಲು ಹತ್ತಿಸಿ, "ಹುಷಾರವ್ವಾ" ಅಂದರು.

ಸೂರತ್‌ನಲ್ಲಿ ಬೆಳಿಗ್ಗೆ ಲಾಡ್ಜಿನಿಂದ ಹೊರಗೆ ಬಂದೆ. ಬೋರ್ಡೆಲ್ಲ ಗುಜರಾತಿ. ಹಿಂದಿ ಅಕ್ಷರಗಳ ತಲೆಗೆರೆ ಅಳಿಸಿದಂತೆ ಕಾಣುತ್ತವೆ. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಒಂದು ಪದ ಕೂಡಿತು. 'ಸಾಡೀ'. ಆ ಊರಲ್ಲಿ ನಾನು ಓದಿದ ಮೊದಲ ಪದವೇ ಸೀರೆ. ಎಷ್ಟು ಧೈರ್ಯ ಬಂತು ಗೊತ್ತಾ! ರಸ್ತೆ ಬದಿಯಲ್ಲಿ ಲೋಚೋ ತಿಂದೆ. ಕಡಲೆಬೇಳೆ ರುಬ್ಬಿ ಹಬೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ, ಸೇವ್, ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಹೊಟ್ಟೆ ತುಂಬಿತು.

ಆಟೋದವನಿಗೆ ರಿಂಗ್ ರೋಡ್‌ನ ಒಂದು ಬಟ್ಟೆ ಮಾರ್ಕೆಟ್ ಹೆಸರು ಹೇಳಿದೆ. ಅವನು ನಿಲ್ಲಿಸಿದ್ದು ಬೇರೆಯೇ ಕಟ್ಟಡದ ಮುಂದೆ. "ಅಲ್ಲಿಗಿಂತ ಇಲ್ಲಿ ಚೆನ್ನಾಗಿದೆ" ಅಂತ ಅಂಗಡಿಯೊಳಗೇ ಬಿಟ್ಟು ಹೋದ. ಅವನಿಗೆ ಕಮಿಷನ್ ಇರುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿ. ಚಪ್ಪಲಿ ಬಿಟ್ಟು ಕೂತೆ. "ಆವೋ ಬೇನ್", ಬನ್ನಿ ಅಕ್ಕ ಅಂತ ನಗುತ್ತಾ ನೀರು ಕೊಟ್ಟರು, ಚಹಾ ಕೊಟ್ಟರು, ಊರು ಕೇಳಿದರು, ಮಕ್ಕಳೆಷ್ಟು ಅಂತ ಕೇಳಿದರು. ಇಬ್ಬರು ಹುಡುಗರು ಸೀರೆ ಬಿಚ್ಚಿ ಬಿಚ್ಚಿ ನನ್ನ ಮುಂದೆ ಎಸೆದರು. ಹತ್ತು ನಿಮಿಷದಲ್ಲಿ ಮೊಣಕಾಲಿನವರೆಗೆ ಸೀರೆ.

ನಾನು ಹೇಳಬೇಕಿರೋದು ಈ ಗಳಿಗೆಯ ಬಗ್ಗೆ. ರೈಲಿನ ದಣಿವು ಇರುತ್ತದೆ. ಗುರುತಿನವರು ಒಬ್ಬರೂ ಇರುವುದಿಲ್ಲ. ಅಂಥ ಹೊತ್ತಲ್ಲಿ ಯಾರಾದರೂ ಅಕ್ಕ-ತಂಗಿ ಅಂತ ಕರೆದು ಚಹಾ ಕೊಟ್ಟರೆ ಮನಸ್ಸು ಕರಗಿಬಿಡುತ್ತದೆ. ಇಷ್ಟೆಲ್ಲ ಬಿಚ್ಚಿ ತೋರಿಸಿದರಲ್ಲ, ಏನೂ ಕೊಳ್ಳದೆ ಹೇಗೆ ಏಳೋದು ಅನ್ನೋ ಮುಲಾಜು. ನಮ್ಮ ಊರಿನ ಅಂಗಡಿಯಲ್ಲಾದರೆ "ಆಮೇಲೆ ಬರ್ತೀನಿ ಬಿಡಿ" ಅಂತ ಸಲೀಸಾಗಿ ಏಳುತ್ತೇವೆ. ಗೊತ್ತಿಲ್ಲದ ಊರಲ್ಲಿ ಆ ಮಾತು ಬಾಯಿಗೇ ಬರುವುದಿಲ್ಲ. ಅವರು "ಇವತ್ತೇ ಬುಕ್ ಮಾಡಿದರೆ ಈ ರೇಟ್, ನಾಳೆ ಸಿಗಲ್ಲ" ಅಂದಾಗ ನನ್ನ ಕೈ ನಿಜವಾಗಿಯೂ ಬ್ಯಾಗಿನ ಜಿಪ್ ಮೇಲಿತ್ತು.

ಆಗ ಬಂತು ಆ ಸೀರೆ. "ನಿಮ್ಮ ಕಡೆಯ ಇಳಕಲ್" ಅಂತ ಹುಡುಗ ಬಿಚ್ಚಿ ಹಾಕಿದ. ಕಡುಗೆಂಪು ಮೈ, ಕಪ್ಪು-ಕೆಂಪು ದಡಿ, ತೆನೆಯಂಥ ಚಿತ್ತಾರದ ತೋಪು ತೆನಿ ಸೆರಗು. ರೇಟ್ ಒಂದಕ್ಕೆ 340 ರೂಪಾಯಿ, ಕೊಳ್ಳೋದು 8 ಸೀರೆಯ ಸೆಟ್.

ನಮ್ಮ ಅವ್ವನ ತವರು ಇಳಕಲ್ ಹತ್ತಿರದ ಹಳ್ಳಿ. ಚಿಕ್ಕವಳಿದ್ದಾಗ ಅವಳ ಸೆರಗಿನಲ್ಲೇ ಮುಖ ಮುಚ್ಚಿಕೊಂಡು ಮಲಗಿದವಳು ನಾನು. ಮೈ ಮುಗಿದು ಸೆರಗು ಶುರುವಾಗುವ ಜಾಗಕ್ಕೆ ಬೆರಳು ತಾನಾಗಿಯೇ ಹೋಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು, ಬೇರೆ, ಸೆರಗಿನ ಹಾಸು ನೂಲು ಬೇರೆ. ಎರಡನ್ನೂ ಎಳೆ ಎಳೆಗೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಅಂತಾರೆ. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಸಿಗುತ್ತದೆ. ಇಲ್ಲಿ ಏನೂ ಸಿಗಲಿಲ್ಲ. ನುಣ್ಣಗೆ ಜಾರಿಹೋಯಿತು. ಮಗುಚಿ ನೋಡಿದೆ. ಹಿಂಬದಿಯಲ್ಲಿ ತೆನಿ ಮಾಸಲು ಮಾಸಲು. ಬರೀ ಪ್ರಿಂಟು.

ಅಷ್ಟಕ್ಕೇ ಬಿಡಲಿಲ್ಲ, ಅಳೆದೆ. ಅವ್ವ ಮೊಳದಲ್ಲೇ ಅಳೆಯುವವಳು, ನನಗೂ ಅದೇ ಅಭ್ಯಾಸ. ನನ್ನ ಮೊಳ ಸರಿಯಾಗಿ 18 ಇಂಚು, ಟೇಪ್ ಹಿಡಿದು ನೋಡಿದ್ದೇನೆ. 12 ಮೊಳ ಬಂದರೆ ಐದೂವರೆ ಮೀಟರ್. ಬ್ಲೌಸ್ ಪೀಸ್ ಸೇರಿಸಿದರೆ 6.30. ಈ ಸೀರೆ ಬ್ಲೌಸ್ ಬಿಟ್ಟು ಹನ್ನೊಂದೂವರೆ ಮೊಳವೂ ತುಂಬಲಿಲ್ಲ. ಒಂದು ಅಡಿ ಕಡಿಮೆ. ಒಂದು ಅಡಿ ಏನು ಮಹಾ ಅಂತ ಗಂಡಸರಿಗೆ ಅನಿಸಬಹುದು. ಮೈಕೈ ತುಂಬಿಕೊಂಡ ಹೆಂಗಸು ನೆರಿಗೆ ಹಿಡಿಯುವಾಗ ಕೇಳಿ, ಹೇಳುತ್ತಾಳೆ.

ಎದ್ದೆ. ಅವರ ನಗು ಹೋಯಿತು. ನಾನು ಚಪ್ಪಲಿ ಮೆಟ್ಟುತ್ತಿರುವಾಗ ಹಿಂದಿನಿಂದ "ಟೈಮ್ ಹಾಳು" ಅಂತ ಕೇಳಿಸಿತು. ಕೇಳಿಸಿದರೆ ಕೇಳಿಸಲಿ ಬಿಡಿ. ಒಂದು ಲೋಟ ಚಹಾದ ಋಣಕ್ಕೆ ಐವತ್ತು ಸಾವಿರದ ಮಾಲು ತುಂಬಿಕೊಂಡು ಬರಬೇಕಾಗಿಲ್ಲ.

ಆಮೇಲೆ ಇಡೀ ದಿನ ನಡೆದೆ. ರಿಂಗ್ ರೋಡ್ ಮಾರ್ಕೆಟ್‌ಗಳೆಂದರೆ ಒಂದೊಂದು ಕಟ್ಟಡದಲ್ಲೂ ನೂರಾರು ಅಂಗಡಿ. ಮಾಲಿನ ಗಂಟು ಹೊತ್ತವರು "ಸೈಡ್, ಸೈಡ್" ಅನ್ನುತ್ತಾ ಓಡುತ್ತಲೇ ಇರುತ್ತಾರೆ. ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಹನ್ನೊಂದು ಅಂಗಡಿ ಹತ್ತಿದೆ. ಪ್ರತಿ ಕಡೆ ಕೂರುವ ಮೊದಲೇ ಹೇಳಿದೆ, "ಇವತ್ತು ಬರೀ ನೋಡೋಕೆ ಬಂದಿದ್ದೇನೆ, ಖರೀದಿ ನಾಳೆ." ಕೆಲವರು ಮುಖ ತಿರುಗಿಸಿದರು. ಮಿಕ್ಕವರು ಕೂರಿಸಿ ಮಾತಾಡಿದರು. ಒಂದೇ ಜಾರ್ಜೆಟ್ ಸೀರೆಗೆ ನಾಲ್ಕು ಅಂಗಡಿಯಲ್ಲಿ ನಾಲ್ಕು ರೇಟ್. ನಗದಿಗೆ ಒಂದು, ಉದ್ದರಿಗೆ ಇನ್ನೊಂದು. ದಲ್ಲಾಳಿ ಜೊತೆ ಹೋದರೆ ಅವನ ಪಾಲೂ ಅದರಲ್ಲೇ ಸೇರಿರುತ್ತದೆ. 5 ಪರ್ಸೆಂಟ್ ಜಿಎಸ್‌ಟಿ ರೇಟಿನ ಒಳಗೋ ಹೊರಗೋ ಅಂತ ಬಾಯಿಬಿಟ್ಟು ಕೇಳಲೇಬೇಕು. ಮಾಲು 50,000 ರೂಪಾಯಿ ದಾಟಿದರೆ ಸಾಗಿಸೋಕೆ ಇ-ವೇ ಬಿಲ್ ಅನ್ನೋ ಜಿಎಸ್‌ಟಿ ಚೀಟಿ ಬೇಕು. ಲಾರಿಗೆ ಹಾಕಿದ ಮೇಲೆ ಬಿಲ್ಟಿ, ಅಂದರೆ ಸಾಗಣೆಯ ರಸೀದಿ, ಕೈಗೆ ಬರಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಕೊಳ್ಳದೆ ಕೂತು ಕೇಳಿದ್ದಕ್ಕೆ.

ಮಧ್ಯಾಹ್ನ ಒಬ್ಬ ವಯಸ್ಸಾದ ವ್ಯಾಪಾರಿ ಸಿಕ್ಕರು. ಲಿಚಿ ಸಿಲ್ಕ್, ಡೋಲಾ ಸಿಲ್ಕ್, ವಿಚಿತ್ರ ಸಿಲ್ಕ್ ಅಂತೆಲ್ಲ ಹೆಸರು ಕೇಳಿ ನನಗೆ ತಲೆ ಕೆಟ್ಟಿತ್ತು. ಅವರು ತಮ್ಮ ಸೀರೆಯದೇ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಕರಗಿ ಸುರುಟಿ, ಸಾಸಿವೆ ಕಾಳಿನಂಥ ಗಟ್ಟಿ ಉಂಡೆಯಾಯಿತು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಾಟನ್ ಆದರೆ ಬೂದಿಯಾಗಿ ಉದುರುತ್ತದೆ ಅಂದರು. "ಹೆಸರಲ್ಲಷ್ಟೇ ಸಿಲ್ಕ್ ಬೆಹನ್, ಇದು ಪಾಲಿಯೆಸ್ಟರ್. ನಿಮ್ಮ ಗಿರಾಕಿಗೂ ಹಾಗೆಯೇ ಹೇಳಿ ಮಾರಿ." ಆ ಅಂಗಡಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಪಾಲಿಯೆಸ್ಟರ್ ಕೀಳು ಅಂತ ನಾನು ಹೇಳುತ್ತಿಲ್ಲ. ಹೊಲದ ಕೆಲಸಕ್ಕೆ, ದಿನದ ಉಡುಗೆಗೆ, ಒಗೆದು ಕೊಡವಿ ಹಾಕಿಕೊಳ್ಳೋಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಇಳಕಲ್ ಥರದ ಪ್ರಿಂಟ್ ಬೇಕು ಅನ್ನುವವರು ಉಡಲಿ. ಆದರೆ ಅದನ್ನು ಇಳಕಲ್ ಅಂತ ಹೇಳಿ ಮಾರಬಾರದು. ಅಲ್ಲಿ ಒಬ್ಬರು ದಿನಗಟ್ಟಲೆ ಮಗ್ಗದ ಮುಂದೆ ಕೂತು ಒಂದೊಂದು ಎಳೆಗೂ ಕೊಂಡಿ ಹಾಕುತ್ತಿದ್ದಾರೆ. ಅವರ ಹೆಸರಲ್ಲಿ ನಾನು ಪ್ರಿಂಟ್ ಮಾರಿದರೆ ನಾಳೆ ನನ್ನ ಗಿರಾಕಿಯೇ ಅವರ ಸೀರೆ ನೋಡಿ "ಇಷ್ಟೊಂದು ರೇಟಾ?" ಅಂತಾಳೆ. ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಮಾಲು ತರಿಸಿ ಮಾರುವ ಗೆಳತಿಯರೇ, ಫೋಟೋದಲ್ಲಿ ಕೊಂಡಿ ಕೈಗೆ ಸಿಗುವುದಿಲ್ಲ. ದಯವಿಟ್ಟು ಒಂದು ಸಲ ಹೋಗಿ ಮುಟ್ಟಿ ನೋಡಿ.

ರಾತ್ರಿ ಲಾಡ್ಜಿನಲ್ಲಿ ಕಾಲು ಚಾಚಿ ಪುಸ್ತಕ ತೆಗೆದೆ. ಹನ್ನೊಂದರಲ್ಲಿ ಎಂಟು ಅಂಗಡಿ ಹೊಡೆದು ಹಾಕಿದೆ. ಮೂರು ಉಳಿದವು. ಅವ್ವನಿಗೆ ಫೋನ್ ಮಾಡಿದೆ.

"ಎಷ್ಟು ಸೀರೆ ತಗೊಂಡೆ?"

"ಇವತ್ತು ಒಂದೂ ಇಲ್ಲವ್ವಾ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಊಟ ಮಾಡಿದೆಯಾ?" ಅಂದಳು.