ಜೋಪಾನವಾಗಿ ಇಟ್ಟ ಬೀಗದ ಕೈ

ಮೇ 28ರ ರಾತ್ರಿ ಒಂಬತ್ತೂವರೆಗೆ ನಾನು ರಾಗಿ ಡಬ್ಬದೊಳಗೆ ಮೊಣಕೈವರೆಗೂ ಕೈ ಹಾಕಿಕೊಂಡು ನಿಂತಿದ್ದೆ. ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಏನ್ರೀ ಹುಡುಕ್ತಿದ್ದೀರಾ?"

"ಸ್ಕೂಲಿನ ಬೀಗದ ಕೈ."

"ರಾಗಿಯಲ್ಲಾ?"

"ಮಿಕ್ಕಿದ್ದೆಲ್ಲ ಹುಡುಕಿ ಆಯ್ತು ಕಣೇ. ಉಳಿದಿರೋದು ಇದೊಂದೇ."

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಪ್ರಭಾರ ಮುಖ್ಯ ಶಿಕ್ಷಕ. ಪ್ರಭಾರ ಅಂದರೆ ಸಂಬಳ ಅದೇ, ಬೈಗುಳ ಮಾತ್ರ ಜಾಸ್ತಿ. ಆ ಹುದ್ದೆಯಿಂದ ನನಗೆ ಸಿಕ್ಕಿರುವುದು ಒಂದು ಬೀಗದ ಕೈ ಗೊಂಚಲು. ಗೇಟಿಗೊಂದು, ಬೀರುವಿಗೊಂದು. ಇನ್ನೂ ಎರಡು ಇವೆ, ಅವು ಯಾವುದಕ್ಕೆ ಅಂತ ನನಗಿಂತ ಮುಂಚೆ ಇದ್ದವರಿಗೂ ಗೊತ್ತಿರಲಿಲ್ಲ.

ವರ್ಷವಿಡೀ ಆ ಗೊಂಚಲು ನಮ್ಮ ಮನೆಯ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲಿ ನೇತಾಡುತ್ತೆ. ಏಪ್ರಿಲ್ 10ರಂದು ಮಕ್ಕಳಿಗೆಲ್ಲ ಫಲಿತಾಂಶ ಹೇಳಿ ಮನೆಗೆ ಬಂದಾಗ ನನ್ನ ತಲೆಗೆ ಒಂದು ಯೋಚನೆ ಬಂತು. 48 ದಿನ ರಜೆ. ಮನೆಗೆ ನೆಂಟರು ಬರುತ್ತಾರೆ, ಅವರ ಮಕ್ಕಳು ಬರುತ್ತವೆ. ಮೊಳೆಯಲ್ಲಿದ್ದರೆ ಯಾರಾದರೂ ಆಟಕ್ಕೆ ತೆಗೆದುಕೊಂಡು ಕಳೆದುಬಿಟ್ಟರೆ? ಅದಕ್ಕೇ ಅದನ್ನು ತೆಗೆದು ಬೇರೆ ಕಡೆ ಜೋಪಾನವಾಗಿ ಇಟ್ಟೆ. ಎಷ್ಟು ಜೋಪಾನ ಅಂದರೆ, ನೆಂಟರ ಮಕ್ಕಳಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

48 ದಿನ ಅಂದ ಕೂಡಲೇ ಕೆಲವರ ಮುಖ ಹುಳ್ಳಗಾಗುತ್ತೆ. ನಮ್ಮ ಪಕ್ಕದ ಮನೆಯವರು ಪ್ರತಿ ಬೇಸಿಗೆಯಲ್ಲೂ ಕಾಂಪೌಂಡ್ ಆಚೆಯಿಂದ ಅದೇ ಮಾತು ಹೇಳುತ್ತಾರೆ. "ನಿಮಗೇನ್ ಬಿಡಿ ಮೇಷ್ಟ್ರೇ, ಕೂತು ಸಂಬಳ." ಮೊದಲೆಲ್ಲ ನಾನು ತರಬೇತಿ, ದಾಖಲಾತಿ, ಚುನಾವಣೆ ಡ್ಯೂಟಿ ಅಂತ ಲೆಕ್ಕ ಒಪ್ಪಿಸುತ್ತಿದ್ದೆ. ಈಗ ಸುಮ್ನೆ ನಗುತ್ತೇನೆ. ಯಾಕಂದರೆ ಈ ವರ್ಷ ನಿಜವಾಗಿಯೂ ಕೂತೇ ಇದ್ದೆ. ಮಾವನ ತೋಪಿನಲ್ಲಿ, ಮರದ ಕೆಳಗೆ, ಹಗ್ಗದ ಮಂಚದ ಮೇಲೆ.

ನಮ್ಮ ಕಡೆ ಮೇ ತಿಂಗಳಲ್ಲಿ ಮನುಷ್ಯ ಸಪೂರ ಇರೋದು ಕಷ್ಟ. ಬೇರೆಯವರು ಆಲ್ಫಾನ್ಸೋ ಅಂತ ಡಜನ್ ಲೆಕ್ಕದಲ್ಲಿ ಕೊಂಡು ಹೋಳು ಮಾಡಿ ಹಂಚಿಕೊಳ್ಳುವ ಹಣ್ಣನ್ನು ನಾವು ಬಾದಾಮಿ ಅಂತ ಕರೆದು ಬಕೆಟ್ ನೀರಲ್ಲಿ ನೆನೆಹಾಕಿಕೊಂಡು ತಿನ್ನುತ್ತೇವೆ. ಬೆಳಿಗ್ಗೆ ರಸಪೂರಿ, ಮಧ್ಯಾಹ್ನ ಬಾದಾಮಿ, ಸಂಜೆ ಉಪ್ಪು ಖಾರ ಹಚ್ಚಿದ ತೋತಾಪುರಿ ಹೋಳು. ತಿಂದು ಉಳಿದದ್ದನ್ನು ಹೆಂಡತಿ ಚೀಲ ಚೀಲ ಕಟ್ಟಿ ನೆಂಟರಿಗೆ ಕಳಿಸಿದಳು. ಒಂದು ಚೀಲ ಬೆಂಗಳೂರಿನಲ್ಲಿರುವ ಅವಳ ತಂಗಿಗೂ ಹೋಯಿತು. ಮಲ್ಗೋವ ಮಾತ್ರ ಮಾವ ಯಾರಿಗೂ ಕೊಡುವುದಿಲ್ಲ, ಅಳಿಯನಿಗೂ ಎಣಿಸಿಯೇ ಕೊಡುತ್ತಾರೆ. ನಾನೂ ಎಣಿಸಿಯೇ ತಿಂದೆ. ಎಣಿಕೆ ನಿಂತ ಮೇಲೂ ತಿಂದೆ.

ಅದರ ಫಲ ಮೇ 29ರ ಬೆಳಿಗ್ಗೆ ಗೊತ್ತಾಯಿತು. ಏಪ್ರಿಲ್‌ನಲ್ಲಿ ಬೆಲ್ಟ್ ಹಾಕದಿದ್ದರೆ ಜಾರುತ್ತಿದ್ದ ಪ್ಯಾಂಟಿನ ಕೊಕ್ಕೆ ಈಗ ನಾಲ್ಕು ಬೆರಳು ದೂರದಲ್ಲಿತ್ತು. ಉಸಿರು ಒಳಗೆಳೆದೆ. ಎರಡು ಬೆರಳಾಯಿತು. ಮಗಳು ಬಂದು "ಅಪ್ಪಾ, ಮಂಚದ ಮೇಲೆ ಮಲ್ಕೊಂಡು ಹಾಕ್ಕೊ" ಅಂದಳು. ಮಲಗಿ ಹಾಕಿಕೊಂಡೆ. ಎದ್ದೇಳುವಾಗ ಕೊಕ್ಕೆ ಟಪ್ ಅಂತ ಹಾರಿ ಬೀರುವಿನ ಕೆಳಗೆ ಹೋಯಿತು. ಕೊನೆಗೆ ಸೇಫ್ಟಿ ಪಿನ್ನು ಹಾಕಿ, ಶರ್ಟನ್ನು ಹೊರಗೆ ಬಿಟ್ಟು ಹೊರಟೆ. ಸೇಫ್ಟಿ ಪಿನ್ನನ್ನು ನಂಬಿ ಶಾಲೆ ಶುರು ಮಾಡಲು ಹೊರಟ ಮೇಷ್ಟ್ರಿಗೆ ಬಗ್ಗುವ ಸ್ವಾತಂತ್ರ್ಯ ಇರುವುದಿಲ್ಲ. ಅದು ಆಮೇಲೆ ತೊಂದರೆ ಕೊಟ್ಟಿತು.

ನಿದ್ದೆಯದ್ದು ಬೇರೆ ಕತೆ. ಏಪ್ರಿಲ್ 11ರಂದು, ರಜೆಯ ಮೊದಲ ದಿನ, ಯಾವ ಅಲಾರಂ ಇಲ್ಲದೆ ಐದೂವರೆಗೇ ಎಚ್ಚರವಾಗಿ ಏನು ಮಾಡಲಿ ಅಂತ ತಿಳಿಯದೆ ಬಚ್ಚಲ ಒಲೆಗೆ ಉರಿ ಹಾಕಿದ್ದೆ. ಮೇ 29ರಂದು ಮೂರು ಅಲಾರಂ ಇಟ್ಟಿದ್ದೆ. ಮೂರಕ್ಕೂ ಎದ್ದವಳು ನನ್ನ ಹೆಂಡತಿ.

ಕೋಲಾರದ ಬಸ್‌ಸ್ಟಾಂಡಿನಲ್ಲಿ ನನ್ನಂಥವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಹೊಸ ಚಪ್ಪಲಿ, ಹಳೇ ಬ್ಯಾಗು, ಸೊಪ್ಪಾದ ಮುಖ. ದಾರಿಯುದ್ದಕ್ಕೂ ಮಾವಿನ ಟೆಂಪೋಗಳು. ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಜೋರಾಗಿ ಫೋನಿನಲ್ಲಿ ಏನೋ ಹಾಕಿದ್ದರು. ನನ್ನ ಬಾಯಿಂದ "ಏಯ್, ಯಾರದು ಗಲಾಟೆ?" ಅಂತ ತಾನಾಗೇ ಬಂತು. ಇಡೀ ಬಸ್ಸು ಸುಮ್ಮನಾಯಿತು. ಡ್ರೈವರ್ ಕೂಡ ಒಮ್ಮೆ ತಿರುಗಿ ನೋಡಿದ. ಆಗ ನನಗೆ ಸ್ವಲ್ಪ ಧೈರ್ಯ ಬಂತು, ದನಿ ಇನ್ನೂ ಉಳಿದಿದೆ ಅಂತ.

ಆದರೆ ಬೀಗದ ಕೈ ಇರಲಿಲ್ಲ.

ಶಾಲೆ ಹತ್ತಿರ ಬರುತ್ತಿದ್ದಂತೆ ಗೇಟಿನ ಮೇಲೆ ಕೂತಿದ್ದ ಹುಡುಗರು "ಸಾರ್ ವಚ್ಚಿನಾರು ರಾ!" ಅಂತ ಕೂಗಿ ಕೆಳಗೆ ಹಾರಿದರು. ನಮ್ಮ ಊರಿನ ಮಕ್ಕಳು ಖುಷಿಯಾದರೂ ಭಯವಾದರೂ ತೆಲುಗಿನಲ್ಲೇ ಆಗುತ್ತಾರೆ, ಕನ್ನಡ ಪಾಠಕ್ಕೆ ಮಾತ್ರ. ಸಹೋದ್ಯೋಗಿ ಮೇಡಂ ಮಾವಿನ ಸೊಪ್ಪಿನ ತೋರಣ ಹಿಡಿದು ಆಗಲೇ ಬಂದಿದ್ದರು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅಡುಗೆಯಮ್ಮ ಕೇಸರಿಬಾತಿಗೆ ರವೆ ತಂದಿದ್ದರು. ಪ್ರಾರಂಭೋತ್ಸವದ ಫೋಟೋ ಹನ್ನೊಂದು ಗಂಟೆಯೊಳಗೆ ವಾಟ್ಸಾಪ್ ಗ್ರೂಪಿಗೆ ಬರಬೇಕು ಅಂತ ಹಿಂದಿನ ರಾತ್ರಿಯೇ ಮೆಸೇಜು ಬಂದಿತ್ತು. ಪಕ್ಕದ ಊರಿನ ಶಾಲೆಯವರು ಒಂಬತ್ತೂಕಾಲಿಗೇ ಫೋಟೋ ಹಾಕಿಬಿಟ್ಟಿದ್ದರು. ಎತ್ತಿನ ಗಾಡಿ, ತಮಟೆ, ಆರತಿ, ಎಲ್ಲ ಇತ್ತು. ಅವರಿಗೆ ಬೀಗದ ಕೈಯೂ ಇತ್ತು.

ನಾನು ಬ್ಯಾಗಿನಲ್ಲಿ ಹುಡುಕುವಂತೆ ನಟಿಸಿದೆ. ಎಡ ಜೇಬು ನೋಡಿದೆ, ಬಲ ಜೇಬು ನೋಡಿದೆ. ಹಿಂದಿನ ಜೇಬಿಗೆ ಕೈ ಹಾಕಿದಾಗ ಸೇಫ್ಟಿ ಪಿನ್ನು ಎಚ್ಚರಿಕೆ ಕೊಟ್ಟಿತು.

"ಮನೇಲೇ ಬಿಟ್ಟು ಬಂದ್ರಾ ಸಾರ್?" ಅಂದರು ಮೇಡಂ, ಮೆಲ್ಲಗೆ.

"ಮನೇಲೂ ಇಲ್ಲ ಮೇಡಂ."

ಅಧ್ಯಕ್ಷರು ಕಲ್ಲು ತರಿಸೋಣ ಅಂದರು. ನಾನು ಬೇಡ ಅಂದೆ. ಬೀಗ ಒಡೆದರೆ ಅದಕ್ಕೊಂದು ನಡಾವಳಿ ಬರೆಯಬೇಕು, ನಡಾವಳಿ ಪುಸ್ತಕ ಬೀರುವಿನಲ್ಲಿದೆ, ಬೀರುವಿನ ಕೈ ಅದೇ ಗೊಂಚಲಿನಲ್ಲಿದೆ. ಇಷ್ಟು ಹೊತ್ತು ಪಕ್ಕದಲ್ಲಿ ಮಾವಿನ ವಾಟೆ ಚೀಪುತ್ತಾ ನಿಂತಿದ್ದ ಏಳನೇ ಕ್ಲಾಸಿನ ಒಬ್ಬ ಹುಡುಗ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮುಂದೆ ಬಂದ. ಬೀಗವನ್ನು ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿ ಕೆಳಗೆ ಎಳೆದ. ತೆಗೆದುಕೊಂಡಿತು.

"ಎಳೆದ್ರೆ ಬತ್ತದೆ ಸಾರ್" ಅಂದ. "ನೀವು ಹಾಕ್ದಾಗ್ಲೇ ಕೂತಿರ್ಲಿಲ್ಲ."

ಈ ಹುಡುಗನಿಗೆ ಭಿನ್ನರಾಶಿ ಕೂಡಿಸುವುದು ಕಲಿಸಲು ನಾನು ಹೋದ ವರ್ಷ ಪೂರ್ತಿ ಹೆಣಗಿದ್ದೆ. ಛೇದ ಸಮ ಮಾಡು ಅಂದರೆ ಕಿಟಕಿ ಆಚೆ ನೋಡುತ್ತಿದ್ದ. ಈಗ ನಾನು ಅವನ ಮುಖ ನೋಡುತ್ತಾ ನಿಂತೆ.

ಒಳಗೆ ಹೋದೆವು. ಮೂರನೇ ಕ್ಲಾಸಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ಗಂಡಿನ ಕಡೆ" ಅಂತ ಬರೆದಿತ್ತು. ಐದನೇ ಕ್ಲಾಸಿಗೆ "ಹೆಣ್ಣಿನ ಕಡೆ". ನನ್ನ ಆಫೀಸಿನ ಮೇಲೆ "ಅಡಿಗೆ ಬಟ್ರು". ಬಟ್ರು ಅನ್ನುವಲ್ಲಿ ಮಹಾಪ್ರಾಣ ತಪ್ಪಿತ್ತು, ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಬರೆದದ್ದು ನಮ್ಮ ಶಾಲೆಯಲ್ಲೇ ಓದಿದವನೇ ಇರಬೇಕು. ಮೂಲೆಯಲ್ಲಿ ಒಣಗಿದ ಬಾಳೆ ಕಂಬ, ಒಂದು ದೊಡ್ಡ ಅಲ್ಯೂಮಿನಿಯಂ ತಪ್ಪಲೆ, ಒಂಟಿ ಚಪ್ಪಲಿ. ಕಳುವಾಗಿದ್ದು ಏನೂ ಇಲ್ಲ, ಬದಲಿಗೆ ದಾಸ್ತಾನು ಜಾಸ್ತಿಯಾಗಿತ್ತು.

ಏಳನೇ ಕ್ಲಾಸಿನ ಬೋರ್ಡಿನ ಮೇಲೆ ನನ್ನ ಏಪ್ರಿಲ್ 10ರ ಅಕ್ಷರ ಹಾಗೇ ಇತ್ತು. "ರಜೆಯಲ್ಲಿ ದಿನಕ್ಕೊಂದು ಪುಟ ಲೆಕ್ಕ ಮಾಡಿರಿ." ಅದರ ಕೆಳಗೆ ಯಾರೋ ನಾಲ್ಕು ಮಂದಿಯ ರಮ್ಮಿ ಲೆಕ್ಕ ಬರೆದಿದ್ದರು. ಅಡ್ಡಗೆರೆ, ಉದ್ದಗೆರೆ, ಕೊನೆಯಲ್ಲಿ ಮೊತ್ತ. ಕೂಡಿ ನೋಡಿದೆ, ಎಲ್ಲ ಸರಿಯಾಗಿತ್ತು. ಈ ವರ್ಷ ನನ್ನ ಹೋಂವರ್ಕ್ ಮಾಡಿದವರು ಅವರೇ.

"ಯಾರ ಮದುವೆ ಅಧ್ಯಕ್ಷರೇ?"

ಅಧ್ಯಕ್ಷರು ಹೊಂಗೆ ಮರ ನೋಡಿದರು. "ಯಾರದೋ ಇರ್ಬೇಕು ಮೇಷ್ಟ್ರೇ. ಈ ಊರಲ್ಲಿ ಮದುವೆಗಳು ಆಗ್ತಾನೇ ಇರ್ತವೆ."

ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಲು ಬಂದ ಪುಟ್ಟ ಹುಡುಗಿ ಬೆಂಚಿನ ಕೆಳಗಿನಿಂದ ಒಂದು ತಾಂಬೂಲದ ಚೀಲ ಎತ್ತಿಕೊಂಡು ಬಂದಳು. ಚೀಲದ ಮೇಲೆ ಶುಭವಿವಾಹ ಅಂತ ಅಚ್ಚಾಗಿತ್ತು. ಕೆಳಗೆ ಅಧ್ಯಕ್ಷರ ಮಗಳ ಹೆಸರು. ನಾನು ಓದಿದೆ, ಮೇಡಂ ಓದಿದರು, ಅಧ್ಯಕ್ಷರೂ ಓದಿದರು.

"ನಿಮ್ಮನ್ನೂ ಕರೀಬೇಕು ಅಂತಾನೇ ಇತ್ತು ಮೇಷ್ಟ್ರೇ" ಅಂದರು ಕೊನೆಗೆ. "ಕರೆದ್ರೆ ಬೀಗದ ಕೈ ಕೇಳ್ಬೇಕಾಗ್ತದಲ್ಲ ಅಂತ ಸುಮ್ಮನಾದ್ವಿ."

ನನಗೆ ಬೇಜಾರಾದದ್ದು ಬೀಗದ ವಿಷಯಕ್ಕಲ್ಲ, ಊಟದ ವಿಷಯಕ್ಕೆ. ನನ್ನದೇ ಆಫೀಸಿನಲ್ಲಿ ಹೋಳಿಗೆ ಮಾಡಿ ನನಗೊಂದು ಕೊಡದೆ ಹೋದರಲ್ಲ!

ಆಮೇಲೆ ಬೀರು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಸೇತುಬಂಧದ ಹಾಳೆಗಳು, ಎಲ್ಲ ಅದರೊಳಗೆ. ಏಳನೇ ಕ್ಲಾಸಿನ ಹುಡುಗನನ್ನು ಪಕ್ಕಕ್ಕೆ ಕರೆದೆ. "ಇದೂ ಎಳೆದ್ರೆ ಬರುತ್ತೇನೋ?" ಅಂದೆ. ಅವನು ತಲೆ ಅಲ್ಲಾಡಿಸಿದ. "ಇಲ್ಲ ಸಾರ್. ಇದನ್ನ ಒದೀಬೇಕು." ಕೆಳಗಿನ ಎಡ ಮೂಲೆಗೆ ಒಂದೇ ಒದೆ. ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಒಳಗೆ ಪುಸ್ತಕಗಳ ಮೇಲೆ ಎರಡು ಬ್ಯಾಟು, ಒಂದು ಟೆನಿಸ್ ಬಾಲು ನೀಟಾಗಿ ಇಟ್ಟಿತ್ತು. ಅವನು ಅವನ್ನು ತೆಗೆದುಕೊಂಡು ನೆಲ ನೋಡಿದ. ನಾನು ಏನೂ ಕೇಳಲಿಲ್ಲ. ಕೆಳಗೆ ಬಿದ್ದ ಹಾಜರಿ ಪುಸ್ತಕವನ್ನು ಬಗ್ಗಿ ಎತ್ತಿಕೊಳ್ಳಲು ಹೋದೆ, ಸೇಫ್ಟಿ ಪಿನ್ನು ಬಿಚ್ಚಿಕೊಂಡಿತು. "ಅಮ್ಮಾ" ಅಂದೆ. ಆವತ್ತು ಶಾಲೆಯಲ್ಲಿ ನಾನು ಹೇಳಿದ ಮೊದಲ ಪಾಠ ಅದು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಫೋಟೋ ಹೋಯಿತು. ಹಿನ್ನೆಲೆಯಲ್ಲಿ "ಹೆಣ್ಣಿನ ಕಡೆ" ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಗ್ರೂಪಿನಲ್ಲಿ ಒಬ್ಬರು "ಬಾಲಕಿಯರ ಶಿಕ್ಷಣಕ್ಕೆ ಒತ್ತು, ಅಭಿನಂದನೆಗಳು" ಅಂತ ಹಾಕಿದ್ದರು.

ರಜೆಯಲ್ಲಿ ಮಕ್ಕಳು ಮರೆತದ್ದನ್ನು ನೆನಪಿಸಲು ಸೇತುಬಂಧ ಅಂತ ಇದೆ. ಮೇಷ್ಟ್ರಿಗೆ ಅದು ಇಲ್ಲ. ಬೋರ್ಡಿನ ಮೇಲೆ ತಾರೀಕು 29-4 ಅಂತ ಬರೆದೆ, ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು ತಿದ್ದಿಸಿದಳು. ಲೆಕ್ಕದಿಂದ ಶುರು ಮಾಡೋಣ ಅಂತ ಊರಿನದೇ ಉದಾಹರಣೆ ತೆಗೆದುಕೊಂಡೆ. ಒಂದು ಬಾಕ್ಸಿಗೆ 15 ಕೆ.ಜಿ. ಟೊಮೆಟೊ, ಒಬ್ಬ ರೈತ ಕೋಲಾರದ ಮಾರ್ಕೆಟ್ಟಿಗೆ 40 ಬಾಕ್ಸ್ ಒಯ್ದ, ಕೆ.ಜಿ.ಗೆ 10 ರೂಪಾಯಿ, ಅವನ ಕೈಗೆ ಎಷ್ಟು ಬಂತು? 6,000 ಅಂತ ಬರುತ್ತೆ ಅಂತ ಕಾದೆ. ಕ್ಲಾಸು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ದನಿ ಬಂತು. "ಕಮಿಷನ್ ಕಳೆಯೋದಿಲ್ವಾ ಸಾರ್?" ಇನ್ನೊಬ್ಬ "ಗಾಡಿ ಬಾಡಿಗೆ?" ಅಂದ. ಮೂರನೆಯವಳು ಕೂಲಿ, ಹಮಾಲಿ ಎರಡನ್ನೂ ಸೇರಿಸಿದಳು. ಅವರೆಲ್ಲ ಸೇರಿ ಕಳೆಯುತ್ತಾ ಕಳೆಯುತ್ತಾ ಹೋಗಿ, ರೈತ ಮನೆಗೆ ಬರುವ ಹೊತ್ತಿಗೆ ಅವನೇ ಕೈಯಿಂದ ದುಡ್ಡು ಕೊಡಬೇಕು ಅನ್ನುವ ಹಾಗಾಯಿತು. ಪುಸ್ತಕದ ಪ್ರಕಾರ ಉತ್ತರ ತಪ್ಪು. ನಾನು ಸರಿ ಗುರುತು ಹಾಕಿದೆ.

ಮಧ್ಯಾಹ್ನ ಅನ್ನ ಸಾಂಬಾರು, ಅದರ ಮೇಲೆ ಕೇಸರಿಬಾತು. 48 ದಿನ ಈ ಹೊತ್ತಿಗೆ ಸರಿಯಾಗಿ ಹಗ್ಗದ ಮಂಚ ಕಂಡ ಮೈ ನನ್ನದು. ಎರಡು ಗಂಟೆಗೆ ಮಕ್ಕಳಿಗೆ ಓದಲು ಹೇಳಿ ಕುರ್ಚಿಯಲ್ಲಿ ಕೂತೆ. ಕಣ್ಣು ಬಿಟ್ಟಾಗ ಕ್ಲಾಸಿನಲ್ಲಿ ಒಂದು ಸದ್ದಿಲ್ಲ. ಒಂದು ಹುಡುಗಿ ಬಾಯಿ ಮೇಲೆ ಬೆರಳಿಟ್ಟು ಬಾಗಿಲಲ್ಲಿ ನಿಂತಿದ್ದಳು, ಪಕ್ಕದ ಕ್ಲಾಸಿನವರಿಗೆ "ಸಾರ್ ಮಲಗವ್ರೆ, ಗಲಾಟೆ ಮಾಡ್ಬೇಡ್ರಿ" ಅಂತ ಪಿಸುಗುಡುತ್ತಿದ್ದಳು. ಹದಿನೆಂಟು ವರ್ಷದ ಸರ್ವಿಸ್ಸಿನಲ್ಲಿ ನನ್ನ ಕ್ಲಾಸು ಇಷ್ಟು ಶಿಸ್ತಾಗಿ ಇದ್ದದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಅಧ್ಯಕ್ಷರು ಬೈಕಿನಲ್ಲಿ ಹೋಗಿ ಹೊಸ ಬೀಗ ತಂದುಕೊಟ್ಟರು. ಮದುವೆಮನೆ ಬಾಡಿಗೆ ಅಂತ ಇಟ್ಟುಕೊಂಡೆ. ಗೇಟಿಗೆ ಹಾಕಿ, ಏಳನೇ ಕ್ಲಾಸಿನ ಹುಡುಗನನ್ನು ಕರೆದು ಎಳೆಯಲು ಹೇಳಿದೆ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಜೋತುಬಿದ್ದ. "ಗಟ್ಟಿ ಐತೆ ಸಾರ್" ಅಂದ. ಮುಖ ಸಪ್ಪಗಾಗಿತ್ತು. ಬ್ಯಾಟು ಇಡಲು ಬೇರೆ ಜಾಗ ನೋಡಬೇಕಲ್ಲ.

ರಾತ್ರಿ ಊಟಕ್ಕೆ ಕೂತಾಗ ಬೆಂಗಳೂರಿನಿಂದ ನಾದಿನಿ ಫೋನ್ ಮಾಡಿದಳು.

"ಭಾವ, ಅಕ್ಕ ಹಣ್ಣು ಕಳಿಸಿದ್ದ ಹಳದಿ ಚೀಲ ಇವತ್ತು ಒಗೆಯೋಕೆ ಹಾಕಿದ್ದೆ. ಒಳಗಡೆ ಜಿಪ್ಪಿನಲ್ಲಿ ಒಂದು ಗೊಂಚಲು ಬೀಗದ ಕೈ ಇದೆ. ನಿಮ್ಮದಾ? ನಾಳೆನೇ ಯಾರ ಕೈಲಾದ್ರೂ ಕಳಿಸ್ಲಾ?"

ಆಗ ನೆನಪಾಯಿತು. ಏಪ್ರಿಲ್ 10ರ ಸಂಜೆ, ಬಾಗಿಲ ಹಿಂದಿನ ಹಳದಿ ಚೀಲ, ಜಿಪ್ಪು.

"ಅರ್ಜೆಂಟಿಲ್ಲಮ್ಮ" ಅಂದೆ. "ದಸರಾ ರಜೆಗೆ ಬರುವಾಗ ತಂದ್ರೆ ಸಾಕು."

ಫೋನ್ ಇಟ್ಟೆ. ಹೆಂಡತಿ ಏನೂ ಮಾತಾಡದೆ ಕೈ ಚಾಚಿದಳು. ಹೊಸ ಬೀಗದ ಕೈ ಎರಡನ್ನೂ ಜೇಬಿನಿಂದ ತೆಗೆದು ಅವಳ ಕೈಗೆ ಹಾಕಿದೆ. ಒಳಗೆ ಹೋಗಿ ಎಲ್ಲೋ ಇಟ್ಟು ಬಂದಳು.

"ಎಲ್ಲಿಟ್ಟೆ?" ಅಂದೆ.

"ಜೋಪಾನವಾಗಿ ಇಟ್ಟಿದ್ದೀನಿ ಬಿಡ್ರೀ" ಅಂದಳು.